ಬಿಳಿ ಕೋಳಿಗಳ ಕಾವಲುಗಾರ

ಹಗಲುಗನಸು ಕಾಣುವ ಚಟವಿರುವವರು ಕೋಳಿ ಸಾಕಬಾರದು. ಎಮ್ಮೆ ಸಾಕಬಹುದು, ಅದು ನಮಗಿಂತ ದೊಡ್ಡ ಕನಸುಗಾರ ಪ್ರಾಣಿ, ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತ ನಮಗೆ ಒಳ್ಳೆಯ ಜೊತೆ ಕೊಡುತ್ತದೆ. ಬೆಕ್ಕನ್ನೂ ಸಾಕಬಹುದು. ಆದರೆ ಕೋಳಿಯ ವಿಷಯದಲ್ಲಿ ಒಂದು ಗಳಿಗೆ ಮೈಮರೆತರೂ ಆಗಬಾರದ್ದು ಆಗಿಹೋಗಿರುತ್ತದೆ. ಇದನ್ನು ನಾನು ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ. ಕೋಳಿಯ ಮಾತಿರಲಿ, ತತ್ತಿಯನ್ನೂ ಮುಟ್ಟದ ಮನೆತನದಲ್ಲಿ ಹುಟ್ಟಿ, ಮುಂಜಾನೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಧ್ಯಾಹ್ನ ವಿಲಾಯತಿ ಕೋಳಿಗಳ ವಂಶೋದ್ಧಾರಕ್ಕೆ ಕೂತವನು ನಾನು. ನನ್ನ ಮಾತಿಗೆ ಅಷ್ಟಾದರೂ ತೂಕವಿದೆಯೆಂದು ನಂಬಿದ್ದೇನೆ.

ಆಗ ನಾನು ದುಂಡಸಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನನ್ನ ಮದುವೆಯ ಮಾತು ಆಗಾಗ ಬರುತ್ತಿತ್ತು. ಹೆಣ್ಣಿನ ಬಗ್ಗೆ ನಾನು ಸಾವಕಾಶವಾಗಿ ಕನಸು ಕಾಣುತ್ತ ಕೂತಿರುವಾಗಲೇ ಆ ಹುಡುಗಿಗೆ ಬೇರೆ ಕಡೆ ಗಂಡು ಗೊತ್ತಾಗಿಬಿಡುತ್ತಿತ್ತು. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಶಿಗ್ಗಾವಿಯ ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಏರು ಬಂದಲ್ಲೆಲ್ಲ ಜನರನ್ನು ಇಳಿಸಿ, ಏದುಸಿರು ಬಿಡುತ್ತ ಊರಿಗೆ ಬರುತ್ತಿತ್ತು. ಮುಂಗಾರು ಶುರುವಾದ ಹೊಸತರಲ್ಲಿ ಒಂದು ದಿನ ಆ ಬಸ್ಸಿನಿಂದ ಖಾಕಿ ಟೊಪ್ಪಿಗೆಯ ಸಾಹೇಬರೊಬ್ಬರು ಇಳಿದರು. ಬಸ್ಸಿನ ಮೇಲಿನಿಂದ ಅವರ ಬುಟ್ಟಿ ಇಳಿಯಿತು. ಬುಟ್ಟಿಯೊಳಗೆ ಒಂದು ಹುಂಜ, ಎರಡು ಹೇಂಟೆ; ಮೂರೂ ಆಗತಾನೇ ಮಡಿವಾಳರ ಮನೆಯಿಂದ ಬಂದ ಧೋತರದಷ್ಟು ಬಿಳಿ.

ಸಾಹೇಬರು ಚಾವಡಿಯ ಮುಂದೆ ಜನರನ್ನು ಕೂಡಿಸಿ ತಿಳಿಸಿ ಹೇಳಿದರು. ಇದು ವೈಟ್ ಲೆಗ್‌ಹಾರ್ನ್ ಎಂಬ ತಳಿ, ನಮ್ಮ ಜವಾರಿ ಕೋಳಿಗಿಂತ ಎಷ್ಟೋ ಹೆಚ್ಚು ತತ್ತಿ ಇಡುತ್ತದೆ, ಸರಕಾರ ಇದನ್ನು ಹಳ್ಳಿಹಳ್ಳಿಗೆ ಹಬ್ಬಿಸಬೇಕೆಂದಿದೆ. ಷರತ್ತು ಒಂದೇ: ಬೇರೆ ಯಾವ ಹುಂಜವೂ ಈ ಹೇಂಟೆಗಳ ಹತ್ತಿರ ಸುಳಿಯಬಾರದು. ಸುಗ್ಗಿ ಮುಗಿಯುವ ಹೊತ್ತಿಗೆ ಅವರು ತಿರುಗಿ ಬಂದು ಮರಿಗಳನ್ನು ನೋಡುತ್ತಾರೆ. ತಳಿ ಶುದ್ಧವಾಗಿದ್ದರೆ ಮೂರೂ ಕೋಳಿ ಸಾಕಿದವನಿಗೇ ಸೇರಿದವು, ಬೆರಕೆಯಾಗಿದ್ದರೆ ಮೂರನ್ನೂ ಬೇರೆ ಊರಿಗೆ ಒಯ್ಯುತ್ತಾರೆ. ಕೋಳಿ ಸಾಕಿ ಗೊತ್ತಿದ್ದವರೆಲ್ಲ ತಮ್ಮ ತಮ್ಮ ಹುಂಜಗಳನ್ನು ನೆನೆದು ನೆಲ ನೋಡತೊಡಗಿದರು. ನಾನು ಮಾತ್ರ ಬಾಯಿ ತೆರೆದು ಕೂತಿದ್ದೆ. ನನಗೆ ಆಗಲೇ ಕೆರೆಯ ಏರಿಯ ಮೇಲೆ ಉದ್ದಕ್ಕೂ ಬಿಳಿ ಕೋಳಿಗಳು ಮೇಯುವುದು ಕಾಣುತ್ತಿತ್ತು. ಅಲ್ಲಿಂದ ಹಾನಗಲ್ಲಿಗೆ ಒಂದು ಬುಟ್ಟಿ, ಹಿರೇಕೆರೂರಿಗೆ ಒಂದು, ಸವಣೂರಿಗೆ ಎರಡು ಹೊರಟಿದ್ದವು. ಹೋದಲ್ಲೆಲ್ಲ ಜನ ಇದು ಯಾರ ಮನೆಯ ತಳಿ ಎಂದು ಕೇಳುತ್ತಿದ್ದರು. ಸಾಹೇಬರು ನನ್ನ ಮುಖ ನೋಡಿದರು. ನಾನು ಸಾಕುತ್ತೇನೆ ಎಂದುಬಿಟ್ಟೆ.

ಅವ್ವ ಬುಟ್ಟಿಯನ್ನು ಹೊಸ್ತಿಲು ದಾಟಗೊಡಲಿಲ್ಲ. “ಲಿಂಗ ಕಟ್ಟಿದ ಮನ್ಯಾಗ ಕೋಳಿ ಕೂಗಸ್ತಿಯೇನಪಾ?” ಎಂದು ಕೇಳಿದಳು. ಕೊನೆಗೆ ಹಿತ್ತಲಿನಾಚೆಯ ಫಕೀರವ್ವ ಒಂದು ದಾರಿ ತೋರಿಸಿದಳು. ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸು, ಹುಟ್ಟಿದಾಗಿನಿಂದ ಕೋಳಿಗಳ ನಡುವೆಯೇ ಬೆಳೆದವಳು. ನಮ್ಮ ಕಡೆ ಆಡು, ಕೋಳಿಗಳನ್ನು ಪಾಲಿಗೆ ಕೊಡುವ ರೂಢಿಯಿದೆ: ಒಡೆಯ ಒಬ್ಬ, ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳು ಇಬ್ಬರಿಗೂ ಸಮಪಾಲು. ಕೋಳಿಗಳಿರುವುದು ನಮ್ಮ ಹಿತ್ತಲಲ್ಲಿ, ಕಾಳು ಹಾಕುವುದು, ಗೂಡು ಬಳಿಯುವುದು ಫಕೀರವ್ವ, ತತ್ತಿಯೂ ಅವಳಿಗೇ, ಮರಿಗಳಲ್ಲಿ ಅರ್ಧ ಮಾತ್ರ ನನಗೆ ಎಂದಾಯಿತು. ಅವ್ವ ಅಂದಿನಿಂದ ಹಿತ್ತಲ ಬಾಗಿಲ ಕಡೆ ಬೆನ್ನು ಹಾಕಿ ರೊಟ್ಟಿ ತಟ್ಟತೊಡಗಿದಳು.

ಹೇಂಟೆಗಳಿಗೆ ಹೆಸರಿಡಬೇಕೆಂದು ನಾನು ಬಹಳ ಯೋಚಿಸಿದೆ. ನಮ್ಮ ಮನೆಯಲ್ಲಿ ಗೊತ್ತಿರುವ ಹೆಸರೆಲ್ಲ ದೇವರವು. ಯಾವುದನ್ನು ಇಟ್ಟರೂ ಅವ್ವ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು. ಹೀಗಾಗಿ ಒಂದನ್ನು ಹಿರೇಕಿ, ಇನ್ನೊಂದನ್ನು ಕಿರೇಕಿ ಎಂದು ಕರೆದೆ. ಹಿರೇಕಿಯ ಕೆಂಪು ಜುಟ್ಟು ಒಂದು ಕಣ್ಣಿನ ಮೇಲೆ ವಾಲಿತ್ತು, ಧಾರವಾಡದ ಷೋಕಿಲಾಲರು ಟೊಪ್ಪಿಗೆ ಓರೆ ಮಾಡಿದ ಹಾಗೆ. ಅವಳು ನನ್ನ ಕಾಲಬುಡದಲ್ಲಿ ಮಣ್ಣು ಕೆದರುತ್ತ, ನಡುನಡುವೆ ತಲೆಯೆತ್ತಿ ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಅದುವರೆಗೆ ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವಳ ಮೇಲೆ ಪ್ರೀತಿಯಾಯಿತು.

ಮೊದಲ ತಪ್ಪು ನಾನು ಮಾಡಿದ್ದು ತತ್ತಿಯ ವಿಷಯದಲ್ಲಿ. ಮರಿ ಮಾಡುವುದು ಕೋಳಿಯ ಕೆಲಸ, ತತ್ತಿ ಸಾಕಷ್ಟಾದ ಮೇಲೆ ತಾನಾಗಿ ಕಾವಿಗೆ ಕೂಡುತ್ತದೆ ಎಂದು ನನ್ನ ಎಣಿಕೆ. ಫಕೀರವ್ವ ನಾಟಿಗೆಂದು ತವರೂರಿಗೆ ಹೋಗಿದ್ದಳು. ನಮ್ಮ ಮನೆಯಲ್ಲಿ ತತ್ತಿ ಎತ್ತುವ ಕೈಯೇ ಇರಲಿಲ್ಲ. ಗೂಡಿನಲ್ಲಿ ತತ್ತಿಯ ರಾಶಿ ಬೆಳೆಯಿತು. ಹಿರೇಕಿ ಇಟ್ಟು ಎದ್ದು ಹೋಗುತ್ತಿದ್ದಳು, ಕಿರೇಕಿ ಅದರ ಮೇಲೆ ಇಟ್ಟು ಹೋಗುತ್ತಿದ್ದಳು, ನಾನು ದೂರದಲ್ಲಿ ಕೈಕಟ್ಟಿ ನಿಂತು ಸಂತೋಷಪಡುತ್ತಿದ್ದೆ. ಒಂದು ದಿನ ರಾಶಿಯೊಳಗಿನ ಒಂದು ತತ್ತಿ ಟಪ್ಪೆಂದು ಒಡೆಯಿತು. ಆ ನಾತಕ್ಕೆ ಅವ್ವ ಒಲೆ ಆರಿಸಿ, ಆ ದಿನ ಪಕ್ಕದ ಓಣಿಯಲ್ಲಿ ಊಟ ಮಾಡಿ ಬಂದಳು. ತಿರುಗಿ ಬಂದ ಫಕೀರವ್ವ ಮೂಗಿಗೆ ಸೆರಗು ಹಿಡಿದು ಗೂಡು ಬಳಿದು, ಈ ಜಾತಿಯ ಕೋಳಿ ಕಾವಿಗೆ ಕೂಡುವುದೇ ಇಲ್ಲ, ತತ್ತಿ ಇಡುವುದೊಂದೇ ಅದಕ್ಕೆ ಗೊತ್ತು, ತನ್ನ ಕರಿ ಜವಾರಿ ಕೋಳಿ ಕಾವಿಗೆ ಬಂದಾಗ ಅದರ ಕೆಳಗೆ ಇಟ್ಟರಾಯಿತು ಎಂದಳು. ಹೆತ್ತು ಮರೆಯುವ ತಳಿಯೂ ಉಂಟೆಂದು ನನಗೆ ಅಂದೇ ಗೊತ್ತಾದದ್ದು.

ಎರಡನೆಯ ತೊಂದರೆಯ ಬಣ್ಣ ಕೆಂಪು. ಫಕೀರವ್ವನಿಗೆ ಒಂದು ಹುಂಜವಿತ್ತು. ಕುತ್ತಿಗೆಯಲ್ಲಿ ಕೆಂಡದ ಬಣ್ಣ, ನಡಿಗೆಯಲ್ಲಿ ಗೌಡಕಿ. ಅದನ್ನು ಕಟ್ಟಿ ಹಾಕು ಎಂದು ನಾನು ಎಷ್ಟು ಬೇಡಿಕೊಂಡರೂ ಅವಳದು ಒಂದೇ ಮಾತು: “ಅದು ದ್ಯಾಮವ್ವಗ ಬಿಟ್ಟ ಹುಂಜ ಐತ್ರಿ ಮಾಸ್ತರ್ರ. ಕಟ್ಟಾಕೂ ಬರೂದಿಲ್ಲ, ಹೊಡ್ಯಾಕೂ ಬರೂದಿಲ್ಲ.” ಮಗಳ ಹೆರಿಗೆ ಸುಸೂತ್ರವಾಗಲೆಂದು ಹರಕೆ ಹೊತ್ತು ಬಿಟ್ಟದ್ದು. ದೇವಿಗೆ ಒಪ್ಪಿಸುವ ದಿನ ಬರುವವರೆಗೆ ಅದು ಎಲ್ಲಿ ಬೇಕಾದರೂ ಹೋಗಬಹುದು, ಯಾರ ಕಾಳನ್ನಾದರೂ ತಿನ್ನಬಹುದು, ಯಾರೂ ಕೈಯೆತ್ತುವಂತಿಲ್ಲ. ನನ್ನ ಬಿಳಿ ಹುಂಜವೋ, ನೋಡಲು ರಾಜಕುಮಾರ; ಕೆಂಪು ಹುಂಜ ಗೋಡೆ ಹಾರಿ ಇಳಿಯಿತೆಂದರೆ ಸಾಕು, ಒಗೆಯುವ ಕಲ್ಲಿನ ಹಿಂದೆ ಹೋಗಿ ನಿಲ್ಲುತ್ತಿತ್ತು.

ಹೀಗಾಗಿ ಕಾವಲಿಗೆ ನಾನೇ ನಿಂತೆ. ಶಾಲೆಯ ಹೊತ್ತಿನಲ್ಲಿ ಹೇಂಟೆಗಳನ್ನು ದೊಡ್ಡ ಹೆಡಗೆಯ ಕೆಳಗೆ ಮುಚ್ಚಿಟ್ಟು, ಮೇಲೊಂದು ಕಲ್ಲು ಹೇರಿ ಹೋಗುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಊಟ ಮುಗಿಸಿ ಬಂದು, ಹೆಡಗೆ ಎತ್ತಿ, ನುಗ್ಗೆಯ ಮರದ ಕೆಳಗೆ ಕೈಯಲ್ಲೊಂದು ಕೋಲು ಹಿಡಿದು ಕೂಡುತ್ತಿದ್ದೆ. ದಿನದಲ್ಲಿ ಅವು ತಿರುಗಾಡುವುದು ಅದೊಂದೇ ಹೊತ್ತು, ನನ್ನ ಕಣ್ಣಮುಂದೆಯೇ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣು ಭಾರವಾಗುತ್ತದೆ. ಮಳೆ ನಿಂತು ಎಳೆಬಿಸಿಲು ಬಿದ್ದಿರುತ್ತಿತ್ತು. ನುಗ್ಗೆಯ ಹೂವು ಒಂದೊಂದೇ ಉದುರುತ್ತಿತ್ತು. ಹಿರೇಕಿ ಮಣ್ಣಿನಲ್ಲಿ ಹೊರಳಿ ಕ್ರೋ... ಕ್ರೋ... ಎಂದು ಗಂಟಲೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಕೆರೆಯ ಏರಿ ಬೆಳ್ಳಗಾಗುತ್ತ, ಬೆಳ್ಳಗಾಗುತ್ತ, ಆಕಾಶಕ್ಕೆ ಹತ್ತುತ್ತಿತ್ತು. ಶಾಲೆಯ ಗಂಟೆ ಕೇಳಿದಾಗ ಏರಿ ಮಾಯವಾಗಿ ನುಗ್ಗೆಯ ಮರ ಬರುತ್ತಿತ್ತು. ಚಿಕ್ಕವನಿದ್ದಾಗ ಅಬಲೂರಿನ ಅತ್ತೆಯ ಮನೆಯಲ್ಲಿ ಜೋಳ ಕಾಯಲು ನನ್ನನ್ನು ಅಟ್ಟಣೆಗೆ ಹತ್ತಿಸಿದ್ದರು. ಗಿಣಿಗಳು ನನ್ನ ಸುತ್ತಲೇ ಕೂತು ತೆನೆ ತಿಂದು ಹೋದವೆಂದು ಆಮೇಲೆ ಎಲ್ಲರೂ ನಕ್ಕರು. ಆದರೆ ಅದು ಬೇರೆಯವರ ಜೋಳ. ಇದು ನನ್ನ ತಳಿ, ಆದ್ದರಿಂದ ಎಚ್ಚರವಾಗಿಯೇ ಇದ್ದೇನೆಂದು ನನಗೆ ಪೂರಾ ನಂಬಿಕೆಯಿತ್ತು.

ಕರಿ ಕೋಳಿ ಕಾವಿಗೆ ಕೂತ ದಿನ ಫಕೀರವ್ವ ಅದರ ಕೆಳಗೆ ಒಂಬತ್ತು ತತ್ತಿ ಇಟ್ಟಳು. ಆ ಇಪ್ಪತ್ತೊಂದು ದಿನ ನಾನು ಶಾಲೆಯಲ್ಲಿ ಏನು ಕಲಿಸಿದೆನೋ ದೇವರಿಗೇ ಗೊತ್ತು. ಎಂಟು ಮರಿ ಹೊರಬಂದವು, ಎಂಟೂ ಬೆಣ್ಣೆಯ ಬಣ್ಣದವು. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದರ ಎದೆ ನನ್ನ ಬೆರಳಿಗೆ ಬಡಿಯುತ್ತಿತ್ತು. ತತ್ತಿ ಮುಟ್ಟದ ಕೈಯಲ್ಲಿ ತತ್ತಿಯಿಂದ ಬಂದ ಜೀವ ಕೂತಿತ್ತು, ನನ್ನ ಕಣ್ಣಲ್ಲಿ ನೀರು ಬಂತು. ದೀಪಾವಳಿಯ ಹೊತ್ತಿಗೆ ಎಲ್ಲಕ್ಕೂ ಬಿಳಿ ಗರಿ ಬಂದವು. ನಾನು ಸಾಹೇಬರಿಗೆ ಕಾಗದ ಬರೆದು, ಊರಿನ ಕೀರ್ತಿಯ ಬಗ್ಗೆ ಕೊನೆಗೆ ನಾಲ್ಕು ಸಾಲು ಹೆಚ್ಚಿಗೆ ಸೇರಿಸಿದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಹೆಣ್ಣುಮರಿಯ ಕುತ್ತಿಗೆಯಲ್ಲಿ ಕೆಂಪು ಕಂಡಿತು. ಹಿತ್ತಲ ಮಣ್ಣು ಕೆಂಪಲ್ಲವೇ ಎಂದುಕೊಂಡು, ಅವ್ವ ತಲೆಗೆ ತಿಕ್ಕಿಕೊಳ್ಳುವ ಅಂಟವಾಳದ ನೊರೆ ಮಾಡಿ ಮರಿಗೆ ಎರೆದೆ. ಮಣ್ಣು ಹೋಯಿತು, ಕೆಂಪು ಇನ್ನಷ್ಟು ಹೊಳೆಯಿತು. ವಾರದೊಳಗೆ ಇನ್ನೊಂದರ ಎದೆಯಲ್ಲಿ, ಮತ್ತೊಂದರ ರೆಕ್ಕೆಯಲ್ಲಿ ಕಿಡಿ ಬಿದ್ದ ಹಾಗೆ ಕೆಂಪು ಗರಿಗಳು ಮೂಡಿದವು. ಫಕೀರವ್ವನನ್ನು ಕೇಳಿದರೆ ಅವಳು ಗೋಡೆಯ ಮೇಲೆ ಕೂತಿದ್ದ ದ್ಯಾಮವ್ವನ ಹುಂಜವನ್ನು ನೋಡಿ ಸೆರಗಿನಲ್ಲಿ ನಕ್ಕಳು. ಹಾಗಾಗುವುದು ಶಕ್ಯವಿಲ್ಲ, ನಾನು ದಿನವೂ ಕಾವಲಿದ್ದೆ ಎಂದು ಅವಳಿಗೆ ತಿಳಿಸಿ ಹೇಳಿದೆ.

ಸಾಹೇಬರು ಬರುವ ದಿನ ಸವಣೂರಿನಿಂದ ಎಳೆಯ ವೀಳ್ಯದೆಲೆ ಮತ್ತು ಖಾರದ ತಿಂಡಿ ತರಿಸಿಟ್ಟಿದ್ದೆ. ಖಾರ ತಿಂದು ಎಲೆ ಹಾಕಿಕೊಂಡು ಅವರು ಹಿತ್ತಲಿಗೆ ಬಂದರು. ಎಂಟನ್ನೂ ಒಂದೊಂದಾಗಿ ಎತ್ತಿ, ಗರಿ ಬಿಡಿಸಿ ನೋಡಿದರು. ನಾನು ಹಿರೇಕಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬೇರೆ ಹುಂಜ ಬರುತ್ತಿತ್ತೇ ಎಂದು ಸಾಹೇಬರು ಕೇಳಿದರು. ನಾನು ದಿನವೂ ಇಲ್ಲಿಯೇ ಕಾವಲು ಕೂತಿರುತ್ತಿದ್ದೆ ಎಂದೆ. ಅದು ಸುಳ್ಳಲ್ಲ. ಸಾಹೇಬರು ಒಳ್ಳೆಯ ಮನುಷ್ಯರು, ಮಾಸ್ತರರ ಮಾತಿನ ಮೇಲೆ ಬಿಟ್ಟುಬಿಡುವ ಮನಸ್ಸಿನಲ್ಲಿದ್ದರು. ಒಮ್ಮೊಮ್ಮೆ ಮೊದಲ ಮರಿಗಳಲ್ಲಿ ಇಂಥ ಬಣ್ಣ ಬರುವುದುಂಟು ಎಂದು ತಾವೇ ಗೊಣಗಿದರು. ಆಗ ಹಿತ್ತಲ ಬಾಗಿಲಲ್ಲಿ ಅವ್ವನ ದನಿ ಕೇಳಿತು.

“ಕುಂತಿದ್ದ ಖರೇರಿ ಸಾಹೇಬ್ರ. ಮಕ್ಕೊಂಡಿದ್ದ.”

ಎಂಟು ತಿಂಗಳು ಬೆನ್ನು ಹಾಕಿ ರೊಟ್ಟಿ ತಟ್ಟಿದವಳು ಅಂದು ಎಲ್ಲ ಹೇಳಿದಳು. ನಾನು ಮರಕ್ಕೆ ಒರಗಿದ ಮೇಲೆ ಕೆಂಪು ಹುಂಜ ಇಳಿಯುತ್ತಿದ್ದುದು, ಬಿಳಿಯದು ಕಲ್ಲಿನ ಹಿಂದೆ ಹೋಗುತ್ತಿದ್ದುದು, ಯಾವ ದಿನ ಹಿರೇಕಿ, ಯಾವ ದಿನ ಕಿರೇಕಿ, ಒಂದನ್ನೂ ಬಿಡಲಿಲ್ಲ. ಹೆಸರು ಹಿಡಿದೇ ಹೇಳಿದಳು. ಸಾಹೇಬರು ನಗಲಿಲ್ಲ, ಅದು ಅವರ ದೊಡ್ಡತನ. ನನ್ನ ತೊಡೆಯ ಮೇಲಿನಿಂದ ಹಿರೇಕಿಯನ್ನು ತಾವೇ ಎತ್ತಿಕೊಂಡರು. ಇದ್ದಿಲ ಬಸ್ಸು ಹೊಗೆ ಬಿಡುತ್ತ ಹೊರಟಾಗ ಬುಟ್ಟಿಯ ಸಂದಿನಿಂದ ಒಂದು ಓರೆ ಜುಟ್ಟು ಕಾಣುತ್ತಿತ್ತು. ಬೆರಕೆ ಮರಿಗಳು ಅವರಿಗೆ ಬೇಡವಾದವು, ನನಗೂ ಫಕೀರವ್ವನಿಗೂ ನಾಲ್ಕು ನಾಲ್ಕು ಉಳಿದವು.

ಮೂರು ದಿನ ನಾನು ಅವ್ವನ ಜೊತೆ ಮಾತು ಬಿಟ್ಟೆ. ನಾಲ್ಕನೆಯ ದಿನ ಅವಳೇ ರೊಟ್ಟಿ ಬಡಿಸುತ್ತ, “ಸುಳ್ಳ ಹೇಳಿ ಇಟಗೊಂಡಿದ್ರ ದಿನಾ ಅದರ ಮಾರಿ ಹ್ಯಾಂಗ ನೋಡ್ತಿದ್ದಿ?” ಎಂದಳು. ನಾನು ಎರಡನೆಯ ರೊಟ್ಟಿ ಹಾಕಿಸಿಕೊಂಡೆ. ಅವಳ ಕಣ್ಣೂ ಕೆಂಪಾಗಿತ್ತು, ಒಲೆಯ ಹೊಗೆಯೆಂದಳು.

ಬೇಸಿಗೆಯಲ್ಲಿ, ಅಂಟವಾಳ ಹಾಕಿ ತೊಳೆದಿದ್ದ ಆ ಕೆಂಪು ಕುತ್ತಿಗೆಯ ಹೇಂಟೆ ತತ್ತಿಗಳ ಮೇಲೆ ಕೂತಿತು. ಎಬ್ಬಿಸಿದರೆ ಕುಕ್ಕಿ ಮತ್ತೆ ಹೋಗಿ ಕೂತಿತು. ತಾಯಿಗೆ ಬರದ ವಿದ್ಯೆ ಇದಕ್ಕೆ ತಂದೆಯ ಕಡೆಯಿಂದ ಬಂದಿತ್ತು. ಹದ್ದು, ಮುಂಗುಸಿಗಳ ಕಾಟವಿದ್ದುದರಿಂದ ನಾನು ಮತ್ತೆ ನುಗ್ಗೆಯ ಮರದ ಕೆಳಗೆ ಕೋಲು ಹಿಡಿದು ಕೂತೆ. ಈ ಸಲ ಮಾತ್ರ ಸೋಲಬಾರದೆಂದು ಕಣ್ಣಿಗೆ ತಣ್ಣೀರು ಚಿಮುಕಿಸಿಕೊಂಡೆ, ತೊಡೆ ಚಿವುಟಿಕೊಂಡೆ, ಮಗ್ಗಿ ಹೇಳಿದೆ. ಹದಿಮೂರರ ಮಗ್ಗಿ ನಡುವಿಗೆ ಬರುವಷ್ಟರಲ್ಲಿ ತಲೆ ಒಂದು ಸಲ ಎದೆಗೆ ಬಿದ್ದು ಎದ್ದಿತು. ನೋಡಿದರೆ ಅವ್ವ ಹಿತ್ತಲ ಮೆಟ್ಟಿಲ ಮೇಲೆ ಈ ಕಡೆ ಮುಖ ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗೂಡಿನೊಳಗೆ ಆ ಹೇಂಟೆ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು.

“ಅದು ಎಚ್ಚರ ಐತಿ,” ಎಂದಳು ಅವ್ವ. “ನೀ ಮಕ್ಕೋ.”

ಮಲಗಿದೆ.