ಗುಲಗಂಜಿ ಹುಳುಗಳ ಅಪ್ರಾಪ್ತ ಮಕ್ಕಳಿಗೆ ಪ್ರವೇಶ ನೀಡುವ ಬಗ್ಗೆ

ಸಂಖ್ಯೆ: ಆಡಳಿತ/ಹಿತ್ತಿಲು/ಉಪಕಾರಿ ಹುಳು/ಪರಿಷ್ಕೃತ

ಸುತ್ತೋಲೆ

ವಿಷಯ: ಕಚೇರಿಯ ಹಿತ್ತಿಲಿನ ಸೊಪ್ಪಿನ ತೋಟವನ್ನು ವಸಂತಕ್ಕೆ ಸಜ್ಜುಗೊಳಿಸುವುದು ಹಾಗೂ ಉಪಕಾರಿ ಹುಳುಗಳನ್ನು ಬರಮಾಡಿಕೊಳ್ಳುವುದು.

ಉಲ್ಲೇಖ:
೧) ಇದೇ ವಿಷಯದ ಮೊದಲ ಸುತ್ತೋಲೆ (ಹಿಂಪಡೆಯಲಾಗಿದೆ).
೨) ನಿರ್ದೇಶಕರು ಮೆಟ್ಟಿಲಿಳಿಯುತ್ತ ನೀಡಿದ ಮೌಖಿಕ ಆದೇಶ.
೩) ಉಗ್ರಾಣ ಪಾಲಕರು ಏರುದನಿಯಲ್ಲಿ ನೀಡಿದ ಹೇಳಿಕೆ.

ಪ್ರಸ್ತಾವನೆ:

ಉಗ್ರಾಣ ಪಾಲಕರು ಮುರಿದ ಮೇಜುಗಳ ಖಾನೆಗಳಿಗೆ ಮಣ್ಣು ತುಂಬಿ, ಚಹಾದ ಚರಟವನ್ನೇ ಗೊಬ್ಬರವಾಗಿಸಿ, ಹಿತ್ತಿಲಿನಲ್ಲಿ ಸಬ್ಬಸಿಗೆ, ಕೊತ್ತಂಬರಿ, ಪುದೀನ, ಕಾಮಕಸ್ತೂರಿ ಬೆಳೆಸಿರುತ್ತಾರೆ. ಸದರಿ ಜಾಗದಲ್ಲಿ ದ್ವಿಚಕ್ರ ವಾಹನಗಳಿಗೆ ನೆರಳಿನ ಚಪ್ಪರ ಹಾಕಬೇಕೆಂಬ ಪ್ರಸ್ತಾವನೆಯೂ ಇರುತ್ತದೆ. ಇದನ್ನು ಸಲ್ಲಿಸಿದವರು ಕೆಳಗೆ ಸಹಿ ಮಾಡಿರುವ ಆಡಳಿತ ಅಧೀಕ್ಷಕಿಯವರು. ಅವರ ಸ್ಕೂಟರಿನ ಸೀಟು ದಿನವೂ ಬಿಸಿಲಿಗೆ ಕಾದು ಕಾವಲಿಯಾಗುತ್ತಿದ್ದುದೇ ಇದಕ್ಕೆ ಕಾರಣ. ಉಗ್ರಾಣ ಪಾಲಕರು ಅವರ ಪತಿಯಾಗಿರುವುದು ಈ ಕಡತಕ್ಕೆ ಸಂಬಂಧಪಟ್ಟ ವಿಷಯವಲ್ಲ.

ಎರಡೂ ಕಡೆಯವರ ಅಹವಾಲನ್ನು ಆಲಿಸಿದ ನಿರ್ದೇಶಕರು, ವಸಂತ ಮುಗಿಯುವುದರೊಳಗೆ ಉಪಕಾರಿ ಹುಳುಗಳು ಖುದ್ದಾಗಿ ಹಾಜರಾದಲ್ಲಿ ತೋಟ ಉಳಿಯತಕ್ಕದ್ದೆಂದೂ, ತಪ್ಪಿದಲ್ಲಿ ಚಪ್ಪರ ಹಾಕತಕ್ಕದ್ದೆಂದೂ ಆದೇಶಿಸಿದರು.

ಮೊದಲ ಸುತ್ತೋಲೆಯಂತೆ, ಗಣ್ಯರು ಬರುವ ಮುನ್ನ ಅನುಸರಿಸುವ ಪದ್ಧತಿಯ ಪ್ರಕಾರ ಹಿತ್ತಿಲನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಮೂಲೆಮೂಲೆಗೂ ಕೀಟನಾಶಕ ಹೊಡೆಸಲಾಯಿತು. ಸ್ವಾಗತ ಸಮಿತಿಯು ಕುರ್ಚಿ ಹಾಕಿಕೊಂಡು ಕಾಯಿತು. ಯಾವ ಹುಳುವೂ ಬರಲಿಲ್ಲ. ಕಾರಣವನ್ನು ಸಮಿತಿಯು ಇನ್ನೂ ಪರಿಶೀಲಿಸುತ್ತಿದೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಅತಿಥಿಗಳನ್ನು ಕರೆಯುವ ಜಾಗಕ್ಕೆ ಅತಿಥಿಗಳನ್ನು ಕೊಲ್ಲುವ ಔಷಧಿ ಹೊಡೆಯಕೂಡದು. ಸಿಂಪಡಿಸುವ ಯಂತ್ರವನ್ನು ಲೆಕ್ಕಪತ್ರ ಶಾಖೆಯ ಬೀರುವಿನಲ್ಲಿ ಇರಿಸತಕ್ಕದ್ದು. ಆ ಶಾಖೆಗೆ ಒಳಹೋದ ಯಾವುದೂ ಹೊರಬಂದ ನಿದರ್ಶನವಿರುವುದಿಲ್ಲ.

೨. ಉಪಕಾರಿ ಹುಳುಗಳಲ್ಲಿ ಮುಖ್ಯರಾದ ಗುಲಗಂಜಿ ಹುಳುಗಳ ಆಹಾರ ಗಿಡದ ಹೇನುಗಳಾಗಿದ್ದು, ಹೇನಿಲ್ಲದ ತೋಟಕ್ಕೆ ಅವು ಬಂದರೂ ನಿಲ್ಲುವುದಿಲ್ಲವೆಂದು ತಿಳಿದುಬಂದಿದೆ. ಆದಕಾರಣ ಸಬ್ಬಸಿಗೆ ಮಡಿಯ ಹೇನುಗಳನ್ನು ಸಂಪೂರ್ಣ ತಾತ್ಕಾಲಿಕ ನೆಲೆಯಲ್ಲಿ ಮುಂದುವರಿಸಲಾಗಿದೆ. ತಮ್ಮನ್ನು ಕಾಯಂಗೊಳಿಸಬೇಕೆಂದು ಅವು ಹಕ್ಕು ಸಾಧಿಸುವಂತಿಲ್ಲ.

೩. ಕೊತ್ತಂಬರಿ ಹಾಗೂ ಸಬ್ಬಸಿಗೆಯನ್ನು ಹೂವಾಗಲು ಬಿಡತಕ್ಕದ್ದು. ಮನೆಗೆ ಹೊರಡುವಾಗ ‘ಎರಡೇ ಎರಡು ಎಸಳು’ ಎಂದು ಕಿತ್ತುಕೊಳ್ಳುವ ಪರಿಪಾಠವನ್ನು ರದ್ದುಪಡಿಸಲಾಗಿದೆ. ಪ್ರತಿಯೊಬ್ಬರೂ ಎರಡೇ ಎಸಳು ಕಿತ್ತಿದ್ದಾರೆ, ಗಿಡ ಬೋಳಾಗಿದೆ.

೪. ಜೇನುನೊಣಗಳಿಗೆ ತಟ್ಟೆಯಲ್ಲಿ ನೀರಿಟ್ಟು, ಅವು ಮುಳುಗದೆ ಕಾಲೂರಲು ಕಲ್ಲುಗಳನ್ನು ಹಾಕತಕ್ಕದ್ದು. ಈ ಕಲ್ಲುಗಳನ್ನು ಕಾಗದ ಹಾರದಂತೆ ಇಡಲು ಒಯ್ದಿರುವ ಶಾಖೆಗಳು ಒದ್ದೆಯಿರುವಾಗಲೇ ಹಿಂದಿರುಗಿಸತಕ್ಕದ್ದು.

೫. ಹಿತ್ತಿಲ ಬಾಗಿಲಿನ ಕಾವಲುಗಾರರಿಗೆ ಗುಲಗಂಜಿ ಹುಳುವಿನ ವರ್ಣಚಿತ್ರ ಕೊಟ್ಟು, ಕೆಂಪು ಬೆನ್ನು, ಕಪ್ಪು ಚುಕ್ಕೆ ಇರುವವರನ್ನು ಮಾತ್ರ ಒಳಬಿಡಲು ತಿಳಿಸಲಾಗಿತ್ತು. ಕಳೆದ ವಾರ ಸಬ್ಬಸಿಗೆಯ ಮೇಲೆ ಕಪ್ಪಗೆ, ಉದ್ದಕ್ಕೆ, ಮೈಯೆಲ್ಲ ಮುಳ್ಳುಮುಳ್ಳಾಗಿ, ಮೊಸಳೆಮರಿಯ ರೂಪದ ಹುಳುಗಳು ಕಂಡುಬಂದವು. ಚಿತ್ರಕ್ಕೆ ಹೋಲದ ಕಾರಣ ಅವುಗಳನ್ನು ಸೋಪಿನ ನೀರಿಗೆ ಹಾಕಲು ಅಧೀಕ್ಷಕಿಯವರು ಆದೇಶಿಸಿದರು. ಆಗ ಉಗ್ರಾಣ ಪಾಲಕರು ಬಕೆಟ್ಟಿಗೂ ಮಡಿಗೂ ನಡುವೆ ಕೈಚಾಚಿ ನಿಂತು ನೀಡಿದ ಹೇಳಿಕೆ ಹೀಗಿದೆ: “ಇವು ಅವುಗಳ ಮಕ್ಕಳು ಕಣೇ. ಸ್ವಲ್ಪ ದಿನ ತಡಿ, ಕೆಂಪಾಗ್ತಾವೆ.” (‘ಕಣೇ’ ಎಂಬುದನ್ನು ಕಚೇರಿಯ ಶಿಸ್ತಿನ ದೃಷ್ಟಿಯಿಂದ ಪರಿಗಣಿಸಿರುವುದಿಲ್ಲ.) ಚಿತ್ರದಲ್ಲಿರುವ ಹಾಗೆ ಇಲ್ಲವಲ್ಲ ಎಂದು ಅಧೀಕ್ಷಕಿಯವರು ಆಕ್ಷೇಪಿಸಲಾಗಿ, “ನಮ್ಮ ಮದುವೆ ಫೋಟೋದಲ್ಲಿರೋ ಹಾಗೆ ನಾನೂ ಇಲ್ಲ. ಹಾಗಂತ ಬಕೆಟ್ಟಿಗೆ ಹಾಕಿದ್ಯಾ?” ಎಂದು ಅವರು ಮರುಪ್ರಶ್ನಿಸಿದರು. ನೆರೆದಿದ್ದ ಸಿಬ್ಬಂದಿ ನಕ್ಕಿರುವುದನ್ನು ಗಮನಿಸಲಾಗಿದೆ. ಅಂದಿನಿಂದ ಉಗ್ರಾಣ ಪಾಲಕರು ಮಧ್ಯಾಹ್ನದ ಊಟದ ಡಬ್ಬಿಯನ್ನು ಉಗ್ರಾಣದಲ್ಲೇ ಒಬ್ಬರೇ ಬಿಚ್ಚುತ್ತಿದ್ದು, ಉಪ್ಪಿನಕಾಯಿ ಮಾತ್ರ ಅಧೀಕ್ಷಕಿಯವರ ಡಬ್ಬಿಯಲ್ಲಿ ಉಳಿದುಹೋಗುತ್ತಿದೆ.

೬. ವಿಷಯದ ಗಾಂಭೀರ್ಯವನ್ನರಿತು ಅಧೀಕ್ಷಕಿಯವರು ಸಮಸ್ತ ಸಿಬ್ಬಂದಿಯ ಗುರುತಿನ ಚೀಟಿಗಳನ್ನು ತರಿಸಿ ಮುಖಗಳೊಂದಿಗೆ ತಾಳೆ ನೋಡಿದರು. ಫೋಟೋಗೆ ಹೋಲದವರನ್ನು ಹೊರಹಾಕುವುದಾದರೆ ಕಚೇರಿಗೆ ಬೀಗ ಹಾಕಲೂ ಯಾರೂ ಉಳಿಯುವುದಿಲ್ಲವೆಂದು ಸ್ಪಷ್ಟವಾಯಿತು. ಆದುದರಿಂದ ಸದರಿ ಮರಿಹುಳುಗಳಿಗೆ, ಮುಂದೆ ಪೋಷಕರನ್ನು ಹೋಲುವ ಷರತ್ತಿಗೊಳಪಟ್ಟು, ಪ್ರವೇಶ ನೀಡಲಾಗಿದೆ. ಬಕೆಟ್ಟನ್ನು ನೆಲ ಒರೆಸುವ ಮೂಲ ಕರ್ತವ್ಯಕ್ಕೆ ಮರಳಿಸಲಾಗಿದೆ.

೭. ನಿರ್ದೇಶಕರು ತಪಾಸಣೆಗೆ ಬಂದ ದಿನ ಮರಿಗಳೆಲ್ಲವೂ ಎಲೆಗಳಿಗೆ ಅಂಟಿಕೊಂಡು, ಕೆಂಪಾಗುವ ಮುನ್ನಿನ ಕೋಶಗಳಾಗಿ, ಉಣ್ಣದೆ, ಅಲುಗದೆ ಇದ್ದವು. ಕೆಂಪು ಬೆನ್ನಿನವರು ಒಬ್ಬರೂ ಇರಲಿಲ್ಲ. ಉಗ್ರಾಣ ಪಾಲಕರು ಪುದೀನದ ಕಡೆ ನೋಡುತ್ತ ನಿಂತಿದ್ದರು. ಹುಳುಗಳು ಬಂದಿವೆಯೋ ಇಲ್ಲವೋ ಎಂದು ನಿರ್ದೇಶಕರು ಅಧೀಕ್ಷಕಿಯವರನ್ನೇ ಕೇಳಿದರು. ಇಲ್ಲ ಎಂಬ ಒಂದು ಮಾತಿಗೆ ಚಪ್ಪರ ಮಂಜೂರಾಗುತ್ತಿತ್ತು. ಅಧೀಕ್ಷಕಿಯವರ ಉತ್ತರ: “ಬಂದಿವೆ ಸಾರ್. ಕೂತಿವೆ.”

೮. ಕೂತಲ್ಲಿಂದ ಏಳದೆ, ಯಾವ ಕೆಲಸವನ್ನೂ ಮಾಡದೆ ಇರುವುದನ್ನು ಹಾಜರಾತಿ ಎಂದು ಪರಿಗಣಿಸಲು ಬರುತ್ತದೆಯೇ ಎಂದು ನಿರ್ದೇಶಕರು ಸ್ಪಷ್ಟೀಕರಣ ಬಯಸಿದರು. ಕಚೇರಿಯ ಎಲ್ಲ ಶಾಖೆಗಳಲ್ಲಿ ಈ ಕ್ರಮ ಬಹುಕಾಲದಿಂದ ಜಾರಿಯಲ್ಲಿರುವುದನ್ನು ಅವರ ಗಮನಕ್ಕೆ ತರಲಾಯಿತು. ನಿರ್ದೇಶಕರು ಒಪ್ಪಿ, ತಮ್ಮ ಕೊಠಡಿಗೆ ಮರಳಿ ಕುಳಿತರು.

೯. ಆದ್ದರಿಂದ ತೋಟವನ್ನು ಉಳಿಸಿಕೊಳ್ಳಲಾಗಿದ್ದು, ಚಪ್ಪರದ ಪ್ರಸ್ತಾವನೆಯನ್ನು ಅದನ್ನು ಸಲ್ಲಿಸಿದವರೇ ಹಿಂಪಡೆದಿರುತ್ತಾರೆ. ಹಿಂಪಡೆಯಲು ಕಾರಣ ನೀಡುವುದು ಕಡ್ಡಾಯವಲ್ಲದ ಕಾರಣ, ಕಾರಣ ನೀಡಿರುವುದಿಲ್ಲ.

ಸಹಿ/-
ಆಡಳಿತ ಅಧೀಕ್ಷಕಿ
(ಹಿತ್ತಿಲಿನ ಹೆಚ್ಚುವರಿ ಪ್ರಭಾರ)

ಪ್ರತಿಗಳು:
೧. ನಿರ್ದೇಶಕರಿಗೆ: ಮಾಹಿತಿಗಾಗಿ, ಹಾಗೂ ತಲೆಗೂದಲಿನ ಈಗಿನ ಸ್ಥಿತಿಯನ್ನು ತೋರಿಸುವ ಹೊಸ ಫೋಟೋ ಸಲ್ಲಿಸುವ ಕೋರಿಕೆಯೊಂದಿಗೆ.
೨. ಕಾವಲುಗಾರರಿಗೆ: ಕೋಶಗಳನ್ನು ಬೆರಳಿನಿಂದ ಮುಟ್ಟಿ ಎಬ್ಬಿಸಬಾರದೆಂಬ ಸೂಚನೆಯೊಂದಿಗೆ.
೩. ಸ್ವಾಗತ ಸಮಿತಿಗೆ: ಕುರ್ಚಿಗಳನ್ನು ಒಳಗಿಡುವಂತೆ ಸೂಚಿಸಿ.
೪. ಹೇನುಗಳಿಗೆ: ಪ್ರತಿ ಕಳುಹಿಸಿರುವುದಿಲ್ಲ. ಯಾರೂ ಬಾಯಿಬಿಡಕೂಡದು.
೫. ಉಗ್ರಾಣ ಪಾಲಕರಿಗೆ: ಖುದ್ದಾಗಿ. ಇದರಲ್ಲಿರುವುದನ್ನು ಮನೆಯಲ್ಲಿ ಮತ್ತೊಮ್ಮೆ ಬಾಯಿಬಿಟ್ಟು ಹೇಳಲಾಗುವುದಿಲ್ಲ.