ನನ್ನ ತಮ್ಮ ಕಟ್ಟಿದ ಜಿಂಕೆ ಮರೆ

ಆಗ ನನಗೆ ಐವತ್ತೊಂದು. ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ತಮ್ಮ ಭಾರಿ ಬೇಟೆಗಾರ. ಒಂದು ಜಿಂಕೆಯ ಬಾಲ ಮುಟ್ಟಿದವನಲ್ಲ, ಆದರೂ ಬೇಟೆಗಾರ! ಹಾಗೆಂದು ಅವನೇ ಹೇಳುತ್ತಿದ್ದ. ಇನ್ಯಾರು ಹೇಳಬೇಕು?

ರಾಯಚೂರು ಕಡೆಯಿಂದ ಬಂದ ನಾವು ತೆಲುಗು ನಾಡಿನ ಲಿಂಗಂಪಲ್ಲಿಯ ಆಚೆ ಕಂಪ್ಯೂಟರಿನವರ ಕಟ್ಟಡಕ್ಕೆ ಕಾಂಕ್ರೀಟು ಹೊರುತ್ತಿದ್ದೆವು. ಹನ್ನೆರಡು ಅಂತಸ್ತು ಏಳುತ್ತಿತ್ತು. ಹೊರುವ ಹೆಂಗಸರಿಗೆ ಒಂದು ಪಾಯಖಾನೆ ಇರಲಿಲ್ಲ. ನಸುಕಿನಲ್ಲಿ ಹೋಗಿಬಂದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ನನ್ನ ಸೊಸೆ ಏಳು ತಿಂಗಳ ಬಸುರಿ. ಹಗಲು ಹೋಗಬೇಕಾದೀತೆಂದು ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಹತ್ತಿ ಅಳುತ್ತಿದ್ದಳು.

ತಮ್ಮನಿಗೆ ಇದಾವುದರ ಚಿಂತೆ? ಕಟ್ಟಡದ ಹಿಂದೆ, ಬಂಡೆಗಳ ನಡುವಿನ ಕುಂಟೆಗೆ ನೀರು ಕುಡಿಯಲು ಜಿಂಕೆ ಬರುವುದನ್ನು ಅವನು ಕಂಡಿದ್ದ. ನಮ್ಮಜ್ಜ ಮರೆ ಕಟ್ಟಿ, ಒಳಗೆ ಉಸಿರು ಬಿಗಿಹಿಡಿದು ಕುಳಿತು ಚಿಗರಿ ಹೊಡೆಯುತ್ತಿದ್ದನಂತೆ. ಇವನೂ ನಾಲ್ಕು ಬಿದಿರು ನೆಟ್ಟ, ಕಟ್ಟಡಕ್ಕೆ ಹೊದಿಸುವ ಹಸಿರು ಪರದೆ ಸುತ್ತಿದ, ಮೇಲೆ ಸೊಪ್ಪು ಹೇರಿದ. ಬಿದಿರಿನದೇ ಒಂದು ಬಿಲ್ಲು.

"ಪೊಲೀಸರು ಹಿಡದ್ರ ನಾ ಬಿಡಸ್ಕೊಂಡು ಬರಂಗಿಲ್ಲ ನೋಡು" ಎಂದೆ.

"ಸುಮ್ಕಿರಕ್ಕಾ. ಎಂಟು ದಿನ ಯಾ ಗಂಡಸೂ ಆ ಕಡೆ ಹೋಗಬಾರ್ದು ಅಂತ ಎಲ್ಲಾರಿಗೂ ಹೇಳೀನಿ. ನಾನೂ ಹೋಗಂಗಿಲ್ಲ. ನಾ ಕಟ್ಟಿದ ಮರಿ ನೋಡಿ ನೋಡಿ ಜಿಂಕಿಗಿ ರೂಢಿ ಆಗಬೇಕು."

ಆ ಎಂಟು ದಿನದ ತಯಾರಿ ಏನು ಕೇಳುತ್ತೀರಿ! ಮನುಷ್ಯರ ವಾಸನೆ ಹೋಗಬೇಕೆಂದು ಬೀಡಿ ಬಿಟ್ಟ, ಸಾಬೂನು ಬಿಟ್ಟ, ಮೊದಲೇ ಆರಿಸಿ ತಂದಿಟ್ಟಿದ್ದ ಜಿಂಕೆಯ ಹಿಕ್ಕೆಯನ್ನು ಅಂಗಿಗೆ ತಿಕ್ಕಿಕೊಂಡ. ಮೇಸ್ತ್ರಿ ಗಾಳಿಯ ದಿಕ್ಕು ನೋಡಿಕೊಂಡೇ ಅವನಿಗೆ ಕೆಲಸ ಹೇಳುತ್ತಿದ್ದ.

"ಜಿಂಕಿ ಯಾವಾಗ ಬರ್ತಾವೋ ಏನೋ, ನೊಣ ಅಂತೂ ಬಂದಾವ" ಎಂದೆ.

"ನಗು, ನಗು. ಸಾರು ಕುದಿಯಾಕತ್ತಾಗ ನಿನ್ನ ಮಾರಿ ನೋಡ್ತೀನಿ!"

ಒಂಬತ್ತನೆಯ ದಿನ ಭಾನುವಾರ. ಹೊತ್ತೇರಿದ ಮೇಲೆ ಬಿಲ್ಲು ಹಿಡಿದು, ಬಾಗಿ ಬಾಗಿ ಹೊರಟ. ನಾನೂ ಹಿಂದೆ ಹೋದೆ. ಮರೆಯ ಮುಂದೆ ಏಳೆಂಟು ಹೆಂಗಸರು, ಕೈಯಲ್ಲಿ ಒಂದೊಂದು ತಂಬಿಗೆ, ಸಾಲಾಗಿ ನಿಂತಿದ್ದರು!

ಹೌದು, ಅವರಿಗೆ ನಾನೇ ಹೇಳಿದ್ದು. ಎಂಟು ದಿನ ಗಂಡಸರು ಕಾಲಿಡದ ಜಾಗ ನಮಗೆ ಇನ್ನೆಲ್ಲಿ ಸಿಗಬೇಕು?

"ಜಿಂಕಿ ರೂಢಿ ಆಗ್ಲಿ ಅಂತ ಬಿಟ್ಟಿದ್ದೆ. ನೀವು ರೂಢಿ ಆದ್ರಲ್ಲ!" ಎಂದು ತಮ್ಮ ಚೀರಿದ.

"ಸಾವಕಾಶ ಮಾತಾಡ್ರಿ ಕಾಕಾ, ಒಳಗ ಒಬ್ಬಾಕಿ ಅದಾಳ" ಎಂದಳು ಮುಂದೆ ನಿಂತವಳು.

"ಬಿದಿರು ಕಿತ್ತು ಒಗೀತೀನಿ! ಯಾರದಾಳ ಒಳಗ?"

"ನಾನ್ರೀ ಮಾವಾ" ಎಂದಿತು ಪರದೆ. ನನ್ನ ಸೊಸೆ! ಮಾವ ಬೈದಾನೆಂದು ಎಂಟು ದಿನ ಹೆದರಿ, ತಾಳಲಾರದೆ ಅಂದೇ ಮೊದಲು ಬಂದಿದ್ದಳು. "ಕೀಳಬ್ಯಾಡ್ರಿ. ಹಗಲು ಹೋಗಾಕ ಬ್ಯಾರೆ ಜಾಗಾ ಇಲ್ರಿ."

ತಮ್ಮ ಬೆನ್ನು ತಿರುಗಿಸಿ ಹೊರಟುಹೋದ.

ಮಧ್ಯಾಹ್ನ ನೋಡಿದರೆ ಗುದ್ದಲಿ ಹಿಡಿದು ಅಲ್ಲೇ ನಿಂತಿದ್ದಾನೆ. ಜಗಳಕ್ಕೆಂದೇ ಸೆರಗು ಕಟ್ಟಿ ಓಡಿದೆ. ಅವನು ಒಳಗೆ ಗುಂಡಿ ತೋಡಿ ಮುಗಿಸಿದ್ದ. ಪರದೆಯ ಮೇಲೆ ಇನ್ನೊಂದು ಪರದೆ ಸುತ್ತಿದ. ಬಗ್ಗಿ, ಕುಳಿತು, ನಾಲ್ಕೂ ದಿಕ್ಕಿನಿಂದ ಇಣುಕಿದ. ಬಿಲ್ಲಿನ ಹುರಿ ಬಿಚ್ಚಿ ಬಾಗಿಲಿಗೆ ಕಟ್ಟಿದ.

"ಹೊರಗಿಂದ ಒಳಗ ಕಾಣಬಾರ್ದು. ಮರಿ ಅಂದ್ರ ಅಷ್ಟ" ಎಂದ.

"ಮತ್ತ ನಿನ್ನ ಜಿಂಕಿ?"

"ಮೊದ್ಲ ಆಕಿಗಿ ಹೊಟ್ಟಿ ತುಂಬ ನೀರು ಕುಡಿಯಾಕ ಹೇಳು" ಎಂದು ನನ್ನ ಮುಖ ನೋಡದೆ ಗುದ್ದಲಿ ಹೆಗಲಿಗೇರಿಸಿದ.

ಮರುದಿನ ಬೆಳಗ್ಗೆ ರೊಟ್ಟಿ ತಿಂದಾದ ಮೇಲೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಒಂದು ತಂಬಿಗೆ ನೀರು ಪೂರಾ ಕುಡಿಸಿ, ಕೆಲಸಕ್ಕೆ ಕರೆದುಕೊಂಡು ಹೋದೆ.