ಆಗಬೋಟಿಯ ಮೇಲೆ ಉಲ್ಟಾ ಗುರ್ಚಿ

“ಈ ಸಲ ನಾ ಸಮುದ್ರದ ಮ್ಯಾಲ ಹೋಗಿ ಬರಾಂವ! ಇದು ಶಿವಯೋಗೆಪ್ಪನ ಮಾತು!”

ತಿಕೋಟಾದ ಶಿವಯೋಗೆಪ್ಪನವರು ತೊಡೆ ತಟ್ಟಿ ಹೀಗೆ ಘೋಷಿಸಿದ್ದು ವಿಜಾಪುರದ ಬಜಾರದಲ್ಲಿ, ಗೆಳೆಯ ಅಬ್ದುಲಸಮದರ ಅತ್ತರಿನ ಅಂಗಡಿಯ ಕಟ್ಟೆಯ ಮೇಲೆ. ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ಬಿಸಿಲು ಮಾತ್ರ ಇನ್ನೂ ಕದನವಿರಾಮ ಹೇಳಿರಲಿಲ್ಲ. ಕಟ್ಟೆಯವರೆಲ್ಲ ಬೀಸಣಿಕೆ ಬೀಸುವುದನ್ನು ಬಿಟ್ಟು ಈ ವೀರನ ಮುಖ ನೋಡಿದರು.

ವೀರಾವೇಶಕ್ಕೆ ಕಾರಣ ಬೇರೇನಲ್ಲ, ಶುದ್ಧ ಹೊಟ್ಟೆಕಿಚ್ಚು! ಅಬ್ದುಲಸಮದರು ಯುದ್ಧಕ್ಕಿಂತ ಮುಂಚೆ ಹಜ್ ಯಾತ್ರೆ ಮಾಡಿ ಬಂದವರು. ಅಂದಿನಿಂದ ಸಂಜೆಯಾದರೆ ಕಟ್ಟೆಯ ಮೇಲೆ ಅವರದೇ ರಾಜ್ಯ. ಹಡಗಿನ ಕತೆ, ತೆರೆಯ ಕತೆ, ರೆಕ್ಕೆ ಬಿಚ್ಚಿ ಹಾರುವ ಮೀನಿನ ಕತೆ! ಶಿವಯೋಗೆಪ್ಪನವರು ಹತ್ತಿ ವ್ಯಾಪಾರದವರು, ಮಾತಿನಲ್ಲಿ ಯಾವ ಅಪ್ಪನ ಮಗನಿಗೂ ಸೋತವರಲ್ಲ. ಆದರೆ ಸಮುದ್ರದ ಮಾತು ಬಂದರೆ ಬಾಯಿಗೆ ಬೀಗ. ಅವರು ಕಂಡ ಅತಿ ದೊಡ್ಡ ನೀರೆಂದರೆ ಮಮದಾಪುರದ ಕೆರೆ. ಅದರ ಕತೆಯನ್ನು ಎಷ್ಟು ಎಳೆದರೂ ಬಾಯಲ್ಲಿನ ಎಲೆ ಅಡಿಕೆಗಿಂತ ಮೊದಲೇ ಮುಗಿದುಹೋಗುತ್ತಿತ್ತು. ಒಂದೇ ಒಂದು ಸಂಜೆ ತಾವು ಹೇಳಬೇಕು, ಅಬ್ದುಲಸಮದರು ಬಾಯಿ ತೆರೆದುಕೊಂಡು ಕೇಳಬೇಕು! ಈ ಆಸೆ ಅವರ ಹೊಟ್ಟೆಯಲ್ಲಿ ಸೇರಿಕೊಂಡು ಕೂತಲ್ಲಿ ಕೂರಗೊಡುತ್ತಿರಲಿಲ್ಲ, ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ.

“ವರ್ಷದಾಗ ನಿನಗ ಬ್ಯಾರೆ ತಿಂಗಳ ಸಿಗಲಿಲ್ಲೇನೋ?” ಅಬ್ದುಲಸಮದರು ನಕ್ಕರು. “ಮಿರಗದ ಮಳಿ ತಲಿಮ್ಯಾಲ ಬಂದೈತಿ. ಈಗ ದರ್ಯಾ ಹುಚ್ಚ ಹಿಡದ ಕುಣೀತೈತಿ. ದೀಪಾವಳಿ ಆದ ಮ್ಯಾಲ ಹೋಗು.”

“ದೀಪಾವಳಿಗೆ ನನ್ನ ಜ್ವಾಳದ ಹೊಲ ಯಾರ ನೋಡವ್ರು, ನೀ ಬರ್ತೀಯೇನು? ಅದ ಮುಗದ್ರ ಹತ್ತಿ ಸುಗ್ಗಿ. ಸಮುದ್ರ ಕುಣದ್ರ ಕುಣೀಲಿ ಬಿಡು! ನಾ ಮಮದಾಪುರದ ಕೆರಿಯಾಗ ಈಜ ಬಿದ್ದಾಂವ!”

ಯೋಜನೆ ಭರ್ಜರಿಯಾಗಿತ್ತು. ರೈಲಿನಲ್ಲಿ ಮುಂಬಯಿಗೆ ಹೋಗುವುದು. ಅಲ್ಲಿ ಆಗಬೋಟಿ, ಅಂದರೆ ಹೊಗೆಯುಗುಳುವ ದೊಡ್ಡ ಹಡಗು ಹತ್ತುವುದು. ಕರಾವಳಿಗುಂಟ ತೇಲುತ್ತ ವೆಂಗುರ್ಲೆಯಲ್ಲಿ ಇಳಿದು, ಮೋಟಾರಿನಲ್ಲಿ ಬೆಳಗಾವಿಯ ಮೇಲೆ ಹಾಯ್ದು ಊರಿಗೆ ಬರುವುದು. ಮಳೆಗಾಲಕ್ಕೆ ಮುಂಚಿನ ಕಡೆಯ ಆಗಬೋಟಿ ಹೊರಡುವುದರಲ್ಲಿತ್ತು. ಅದು ತಪ್ಪಿದರೆ ಮತ್ತೆ ಒಂದು ವರ್ಷ ಹಾರುವ ಮೀನಿನ ಕತೆ ಕೇಳಬೇಕು!

ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿ ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ.

“ನೀವ ಹೊಂಟ್ರ ನಾನೂ ಬರ್ತೀನ್ರಿ. ನೀರಾಗ ಬಿದ್ರ ನೋಡಾಕ ಯಾರರೆ ಬೇಕಲ್ಲ.”

“ನೀ ಬಂದ ಏನ ಮಾಡ್ತಿ? ನಿನಗ ಈಜ ಬರೂದಿಲ್ಲ!”

“ದಂಡಿಮ್ಯಾಲ ನಿಂತ ಬೈಯಾಕರೆ ಬರ್ತೈತಲ್ರಿ! ಆದ್ರ ಒಂದ ಮಾತು. ರೋಣಿ ಮಳಿ ಒಂದ ಹನಿ ಬಿದ್ದಿಲ್ಲ. ಬಬಲೇಶ್ವರದಾಗ ನಮ್ಮ ತವರ ಮಂದಿ ಗುರ್ಚಿ ಹೊರಾಕ ನನ್ನ ಕರದಾರ. ಅದ ಮುಗಿಸಿನ ಹೊರಡೂದು.”

ಗುರ್ಚಿ ಹೊರುವುದೆಂದರೆ ರೊಟ್ಟಿ ಸುಡುವ ಹಂಚನ್ನು ತಲೆಯ ಮೇಲೆ ಬೋರಲು ಇಟ್ಟುಕೊಂಡು, ಅದರ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವತೆ ಗುರ್ಚವ್ವನನ್ನು ಕೂರಿಸಿ, ಗರಿಕೆ ಸಿಕ್ಕಿಸಿ ಮನೆಮನೆಗೆ ಹೋಗುವುದು. ಮನೆಯವರು ಕೊಡಗಟ್ಟಲೆ ನೀರು ಸುರಿಯುತ್ತಾರೆ, ಹೊತ್ತವರು ಗಿರಗಿರ ತಿರುಗುತ್ತಾರೆ. ಆಮೇಲೆ ಮಳೆ ಬರಬೇಕು. ಬೇರೆಯವರು ಹೊತ್ತರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೇಣುಕವ್ವ ಹೊತ್ತರೆ ಮಾತ್ರ ಮಳೆರಾಯ ಕಾಲಲ್ಲಿ ಕೆರ ಮೆಟ್ಟದೆ ಓಡಿಬರುತ್ತಾನೆಂದು ಬಬಲೇಶ್ವರದಿಂದ ಜೈನಾಪುರದ ತನಕ ಹೆಸರಾಗಿತ್ತು. ಆ ಹೆಸರಿಗೆ ಕುಂದು ಬಾರದಂತೆ ಅವಳು ಊರೆಲ್ಲ ತಿರುಗಿ, ಮೈಯೆಲ್ಲ ತೋಯಿಸಿಕೊಂಡು, ಮರುದಿನವೇ ಗಂಡನೊಡನೆ ರೈಲು ಹತ್ತಿದಳು. ಕಡಕ್ ರೊಟ್ಟಿಯ ದೊಡ್ಡ ಬುಟ್ಟಿ, ಶೇಂಗಾ ಹಿಂಡಿ, ಸಮುದ್ರದ ನೀರು ಉಪ್ಪಂತೆ ಎಂದು ಊರ ಬಾವಿಯ ಸಿಹಿನೀರಿನ ತಂಬಿಗೆ, ಎಲ್ಲವೂ ಜೊತೆಗೆ ಬಂದವು.

ಮಳೆಯನ್ನು ಕರೆದು ಬಂದ ಹೆಂಗಸು ಮಳೆಗಾಲದ ಬಾಯಿಗೇ ಹಡಗು ಹತ್ತುವುದು ಎಂಥ ಪರಾಕ್ರಮವೆಂದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಸೀಮೆಯಲ್ಲಿ ಮಳೆ ಬಂದು ಕೆಟ್ಟದ್ದಾಯಿತು ಎಂದು ಯಾರಾದರೂ ಬಾಯಿ ಬಿಟ್ಟು ಹೇಳಿದ್ದುಂಟೆ?

ಮುಂಬಯಿ ಬಂದರದಲ್ಲಿ ಶಿವಯೋಗೆಪ್ಪನವರಿಗೆ ಸಮುದ್ರ ನೋಡಲು ಪುರಸೊತ್ತಾಗಲಿಲ್ಲ. ಹಡಗಿನ ಮೇಲಟ್ಟದಲ್ಲಿ ಹಾಸಿಗೆ ಬಿಚ್ಚುವ ಜಾಗಕ್ಕಾಗಿ ಮಾಲವಣದ ಕಡೆಯ ಭೀಮಾಬಾಯಿ ಎಂಬ ದಪ್ಪ ಹೆಂಗಸಿನೊಡನೆ ಅವರ ಮಹಾಯುದ್ಧ ನಡೆದಿತ್ತು.

“ಅಲ್ನೋಡ್ರಿ, ಎಷ್ಟ ನೀರ!” ರೇಣುಕವ್ವ ಹಡಗಿನಂಚಿನ ಕಟಾಂಜನದ ಹತ್ತಿರ ನಿಂತು ಕೂಗಿದಳು.

“ಅದು ಬರೇ ಬಂದರ! ಖರೇ ಸಮುದ್ರ ಮುಂದ ಐತಿ. ಅದು ಬಂದಾಗ ನೋಡ್ತೀನಿ, ನೀ ಗದ್ದಲಾ ಮಾಡಬ್ಯಾಡ!”

ಅಂತೂ ಕಂಬಳಿಯ ಮೂಲೆ ಹಾಸುವಷ್ಟು ಜಾಗ ಗೆದ್ದು, ಶಿವಯೋಗೆಪ್ಪನವರು ಮೀಸೆ ತೀಡಿ, ಖರೇ ಸಮುದ್ರ ನೋಡಲು ಎದ್ದು ನಿಂತರು. ಅದೇ ಹೊತ್ತಿಗೆ ಖರೇ ಸಮುದ್ರ ಬಂತು! ಹಡಗು ಒಮ್ಮೆ ಮೂತಿ ಎತ್ತಿತು, ಒಮ್ಮೆ ಬಾಲ ಎತ್ತಿತು. ಶಿವಯೋಗೆಪ್ಪನವರ ಹೊಟ್ಟೆಯೂ ಹಾಗೇ ಮಾಡಿತು. ಎದ್ದವರು ಕೂತರು, ಕೂತವರು ಮಲಗಿದರು, ಮಲಗಿದವರು ರೊಟ್ಟಿಯ ಬುಟ್ಟಿಯನ್ನು ತಬ್ಬಿಕೊಂಡು ಅದರೊಳಗೆ ಮುಖವಿಟ್ಟರು. ಊರಿನಲ್ಲಿ ಉಂಡದ್ದು, ರೈಲಿನಲ್ಲಿ ತಿಂದದ್ದು ಎಲ್ಲ ಒಂದೊಂದಾಗಿ ಹೊರಗೆ ಬಂತು. ಉಳಿದಿದ್ದ ರೊಟ್ಟಿಗಳ ಗತಿಯನ್ನು ಇಲ್ಲಿ ವರ್ಣಿಸುವುದು ಸಭ್ಯತೆಯಲ್ಲ.

“ಏ ಇಕಿ, ನಾ ಸಾಯಾಕತ್ತೇನಿ!”

“ಸಾಯೂದಿಲ್ಲ, ಸುಮ್ಮನಿರ್ರಿ. ಬುಟ್ಟಿ ಗಟ್ಟಿ ಹಿಡ್ಕೋರಿ.”

ಸ್ವಲ್ಪ ಹೊತ್ತಿಗೆ ಪಡುವಣದಲ್ಲಿ ಕರಿಮೋಡ ಎದ್ದಿತು. ಹಡಗಿನ ಜನ ಗಂಟುಮೂಟೆ ಒಳಗೆಳೆದುಕೊಂಡರು. ಖಲಾಸಿಗಳು ಹಗ್ಗ ಬಿಗಿಯುತ್ತ ಅತ್ತಿತ್ತ ಓಡಿದರು. ಒಬ್ಬ ಅಜ್ಜ ಜಪಮಾಲೆ ತೆಗೆದ. ಇಡೀ ಆಗಬೋಟಿಯಲ್ಲಿ ಸಂತೋಷಪಟ್ಟ ಜೀವ ಒಂದೇ ಒಂದು. ರೇಣುಕವ್ವ ಎರಡೂ ಕೈ ಜೋಡಿಸಿ, ಕಣ್ಣಲ್ಲಿ ನೀರು ತಂದುಕೊಂಡು ಕೂಗಿದಳು:

“ಬಂದಳ್ರಿ! ನಮ್ಮ ಗುರ್ಚವ್ವ ಬಂದಳು! ನಾ ಕರದಿದ್ದ ಸುಳ್ಳಾಗಲಿಲ್ಲ!”

ಭೀಮಾಬಾಯಿ ದುರುಗುಟ್ಟಿ ನೋಡಿ, ಯಾಕಿಷ್ಟು ಹಿಗ್ಗು ಎಂದು ಮರಾಠಿಯಲ್ಲಿ ಕೇಳಿದಳು. ಸಂತೆಯಲ್ಲಿ ಕಲಿತ ಮರಾಠಿ ರೇಣುಕವ್ವನಿಗೆ ಚೆನ್ನಾಗಿ ಬರುತ್ತಿತ್ತು. ಈ ಸಲ ಬಾರದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹಂಚು, ಸಗಣಿ, ಗರಿಕೆ, ಕೊಡಗಟ್ಟಲೆ ನೀರು, ತಾನು ಹೊತ್ತರೆ ಹುಸಿಹೋಗುವುದಿಲ್ಲವೆಂಬ ಖ್ಯಾತಿ, ಯಾವುದನ್ನೂ ಬಿಡದೆ ಹೆಮ್ಮೆಯಿಂದ ಹೇಳಿದಳು.

ಸುದ್ದಿ ಗಾಳಿಗಿಂತ ಜೋರಾಗಿ ಹಡಗನ್ನು ಸುತ್ತಿತು. ಈ ಬಿರುಗಾಳಿಯನ್ನು ಕರೆದವಳು ಇವಳೇ! ನೋಡನೋಡುತ್ತ ಕಂಬಳಿಯ ಸುತ್ತ ಕೋಟೆಯಂತೆ ಜನ ನಿಂತರು.

“ಕರೆದವಳು ನೀನು, ಕಳಿಸುವವಳೂ ನೀನೇ!” ಭೀಮಾಬಾಯಿ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು.

ರೇಣುಕವ್ವ ಪ್ರಾಮಾಣಿಕವಾಗಿ ಗಾಬರಿಯಾದಳು. “ಕಳಸೂದು? ಮಳಿ ಕಳಸೂದು ನಮ್ಮ ಕಡೆ ಯಾರಿಗೂ ಬರೂದಿಲ್ಲ ಬಾಯಿ! ಯಾರಿಗೂ ಅದರ ಪ್ರಸಂಗ ಬಂದಿಲ್ಲ!”

ಬುಟ್ಟಿಯೊಳಗಿನಿಂದ ಶಿವಯೋಗೆಪ್ಪನವರ ನರಳುವ ದನಿ ಬಂತು. “ನಿನ್ನ ಕಾಲ ಬೀಳ್ತೀನಿ, ಮಳಿ ಬ್ಯಾಡ ಅಂತ ಒಂದ ಮಾತ ಅನ್ನ…”

“ನಾಲಿಗಿ ಹಿಡದ ಮಾತಾಡ್ರಿ! ಊರ ಮಂದಿ ಮುಗಲ ನೋಡ್ಕೋತ ಕುಂತಾರ. ಬ್ಯಾಡ ಅಂದ್ರ ಅಲ್ಲೂ ಬರದಂಗಾದೀತು. ನಾ ಸತ್ತರೂ ಅನ್ನಾಂಗಿಲ್ಲ!”

ಜನ ಗೊಣಗಿದರು. ಗೊಣಗಾಟ ಕೂಗಾಟವಾಯಿತು. ಇನ್ನೊಂದು ತೆರೆ ಬಡಿದರೆ ತಮ್ಮಿಬ್ಬರನ್ನೂ ಎತ್ತಿ ಮೀನಿಗೆ ಹಾಕುವರೆಂದು ಶಿವಯೋಗೆಪ್ಪನವರಿಗೆ ಖಾತ್ರಿಯಾಯಿತು. ಪ್ರಾಣಭಯದಲ್ಲಿ ಬುದ್ಧಿ ಚುರುಕಾಗುತ್ತದೆ; ಅವರದೂ ಆಯಿತು, ಆಗಬಾರದ ರೀತಿಯಲ್ಲಿ.

“ಕರದಂಗ ಕಳಸೂದು! ಎಲ್ಲಾ ಉಲ್ಟಾ ಮಾಡೂಣು! ಹಂಚ ಬೋರಲ ಇಡ್ತಾರಲ್ಲ, ಅಂಗಾತ ಇಡೂಣು. ಮುಂದ ನಡೀತಾರಲ್ಲ, ಹಿಂದ ನಡಿಯೂಣು. ನೀರ ಹಾಕ್ತಾರಲ್ಲ, ಒರಸೂಣು!”

“ನಾ ಮಾತ್ರ ಹೊರಾಂಗಿಲ್ಲ,” ಎಂದಳು ರೇಣುಕವ್ವ. “ಬೇಕಾದ್ರ ನೀವ ಹೊರ್ರಿ.”

ಹಡಗಿನ ಅಡುಗೆಯವನ ಹತ್ತಿರದಿಂದ ದೊಡ್ಡ ತವಾ ಬಂತು. ಅದರ ಮಸಿ ಅಬ್ದುಲಸಮದರ ಗಡ್ಡಕ್ಕಿಂತ ಕಪ್ಪಾಗಿತ್ತು. ಭೀಮಾಬಾಯಿ ಸ್ವಹಸ್ತದಿಂದ ಅದನ್ನು ಶಿವಯೋಗೆಪ್ಪನವರ ರುಮಾಲಿನ ಮೇಲೆ ಅಂಗಾತ ಇಟ್ಟಳು. ಹತ್ತಿ ಪೇಟೆಯ ಗಣ್ಯರು, ತಿಕೋಟಾದ ಮುಖಂಡರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಿಂದು ಹಿಂದಕ್ಕೆ ನಡೆಯತೊಡಗಿದರು! ಎಡಬಲದಲ್ಲಿ ನಿಂತವರು ಪಂಜೆ, ಟವೆಲು, ಸೆರಗು, ಸಿಕ್ಕಿದ್ದರಿಂದ ಅವರನ್ನು ತಿಕ್ಕಿ ತಿಕ್ಕಿ ಒರೆಸಿದರು. ಒರೆಸಿದಷ್ಟೂ ತೆರೆ ಬಂದು ತೋಯಿಸುತ್ತಿತ್ತು. ತೋಯಿಸಿದಷ್ಟೂ ಜನ ಇನ್ನಷ್ಟು ಸಿಟ್ಟಿನಿಂದ ಒರೆಸುತ್ತಿದ್ದರು. ಮೈ ಚರ್ಮ ಕೆಂಪಾಯಿತು, ಮುಖದ ಮೇಲೆ ಮಸಿ ಇಳಿಯಿತು.

ಇತ್ತ ರೇಣುಕವ್ವ ಕಟಾಂಜನ ಹಿಡಿದು ನಿಂತಿದ್ದಳು. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸಂಕಟವಾಗುತ್ತಿತ್ತು. ಇಷ್ಟು ಮಳೆ! ಹುಟ್ಟಿದಾಗಿನಿಂದ ಕಂಡಿರದಷ್ಟು ಮಳೆ, ಒಂದು ಹನಿಯೂ ಮಣ್ಣಿಗೆ ಬೀಳದೆ ಹಾಳಾಗಿ ಹೋಗುತ್ತಿತ್ತು.

“ಯವ್ವಾ, ನೀರಾಗ ನೀರ ಸುರುವಿದ್ರ ಏನ ಬಂತ ನಿನಗ?” ಅವಳು ಮೋಡಕ್ಕೇ ಗದರಿದಳು. “ದಾರಿ ತಪ್ಪಿ ಇಲ್ಲಿ ಬಂದಿ. ನಮ್ಮೂರು ಮೂಡಣಕ್ಕೈತಿ. ನಡಿ, ನಡಿ!”

ಆಗ ಒಂದು ದೊಡ್ಡ ಸಪ್ಪಳವಾಯಿತು. ಶಿವಯೋಗೆಪ್ಪನವರ ಕಾಲ ಕೆಳಗೆ ನೆಲವಿಲ್ಲದಂತಾಯಿತು. ಅಲ್ಲಿಂದ ಮುಂದೆ ಅವರಿಗೆ ಎಚ್ಚರವಾದಾಗ ಕಂಡದ್ದು ಮತ್ತೆ ಅದೇ ಬುಟ್ಟಿಯ ಒಳಮೈ. ಹಡಗು ಅಲ್ಲಾಡದೆ ನಿಂತಿತ್ತು. ಕಪ್ತಾನ ವೆಂಗುರ್ಲೆಯ ಆಸೆ ಬಿಟ್ಟು ರತ್ನಾಗಿರಿಗಿಂತ ಇತ್ತಲೇ ಒಂದು ಖಾಡಿಯೊಳಗೆ, ಅಂದರೆ ಗಾಳಿ ತಾಗದ ಸಣ್ಣ ಕೊಲ್ಲಿಯೊಳಗೆ ಹಡಗನ್ನು ಸೇರಿಸಿ, ಎಲ್ಲರನ್ನೂ ನಾವೆಗಳಲ್ಲಿ ಇಳಿಸುತ್ತಿದ್ದ. ಶಿವಯೋಗೆಪ್ಪನವರನ್ನು ಭೀಮಾಬಾಯಿಯೂ ರೇಣುಕವ್ವನೂ ತಲೆಗೊಬ್ಬರು ಕಾಲಿಗೊಬ್ಬರು ಹಿಡಿದು ಹತ್ತಿಯ ಅಂಡಿಗೆಯಂತೆ ಇಳಿಸಿದರು. ಇಳಿಯುವಾಗ ಮಹಾಶಯರು ಮತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ಕೊಲ್ಲಾಪುರ, ಮಿರಜ, ಅಥಣಿ ಎಂದು ಮೋಟಾರು ಬದಲಿಸುತ್ತ ಬರುವಾಗ ಭೂಮಿ ಅಲ್ಲಾಡದೆ ನಿಂತಿರುವುದನ್ನು ಕಂಡು ಶಿವಯೋಗೆಪ್ಪನವರಿಗೆ ಜೀವ ಬಂತು. ಜೀವದ ಹಿಂದೆಯೇ ಜಂಬವೂ ಬಂತು. ತಿಕೋಟಾ ತಲುಪಿದಾಗ ಹೊಲಗಳಲ್ಲಿ ನೀರು ನಿಂತಿತ್ತು. ಊರ ಹೆಂಗಸರು ಓಡಿಬಂದು ರೇಣುಕವ್ವನ ಕಾಲಿಗೆ ನೀರು ಹಾಕಿದರು. ಸಮುದ್ರದ ತನಕ ಹೋಗಿ ಮಳೆಯ ಕೈಹಿಡಿದು ಕರೆತಂದಳೆಂದು ಕೊಂಡಾಡಿದರು. ಶಿವಯೋಗೆಪ್ಪನವರಿಗೆ ಹಾದಿ ಬಿಡಿರೆಂದು ಒಬ್ಬಳೂ ಅನ್ನಲಿಲ್ಲ.

ಅನ್ನದಿದ್ದರೆ ಬಿಡಲಿ! ಕತೆ ತಮ್ಮ ಹತ್ತಿರವಿದೆಯಲ್ಲ! ಶಿವಯೋಗೆಪ್ಪನವರು ವಿಜಾಪುರಕ್ಕೆ ಆಳು ಕಳಿಸಿ ಅಬ್ದುಲಸಮದರನ್ನೂ ಅವರ ಹೆಂಡತಿ ಸುಗರಾಬಿಯನ್ನೂ ಕರೆಸಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಲಾಯಿತು, ಚುರುಮುರಿ ಬಂತು, ಊರ ಹಿರಿಯರು ಬಂದರು. ಹೆಂಗಸರು ಒಳಗೆ ಅಡುಗೆಮನೆ ಸೇರಿದರು. ಶಿವಯೋಗೆಪ್ಪನವರು ಲೋಡಿಗೆ ಒರಗಿ ಗಂಟಲು ಸರಿಮಾಡಿಕೊಂಡರು. ಎಷ್ಟು ವರ್ಷ ಕಾದ ಗಳಿಗೆ! ಅಬ್ದುಲಸಮದರು ನಿಜಕ್ಕೂ ಬಾಯಿ ತೆರೆದುಕೊಂಡೇ ಕೂತಿದ್ದರು.

“ಆ ಸಮುದ್ರ ಅಂದ್ರ ಏನಂತೀ ಅಬ್ದುಲಸಮದ! ಅಬಬಬ!”

“ಮೊದಲ ಇದ ಹೇಳು. ಬಿರುಗಾಳಿಯೊಳಗ ದರ್ಯಾದ ಬಣ್ಣ ಹೆಂಗ ಇರತೈತಿ? ನಾ ಹೋದಾಗ ಗಾಳಿನ ಇರಲಿಲ್ಲ. ಅದೊಂದು ನನಗ ಗೊತ್ತಿಲ್ಲ ನೋಡು.”

ಶಿವಯೋಗೆಪ್ಪನವರು ಬಾಯಿ ತೆರೆದರು. ನೆನಪನ್ನು ಕೆದಕಿದರು. ಬುಟ್ಟಿಯ ಹೆಣಿಗೆ ಕಂಡಿತು, ಇನ್ನಷ್ಟು ಕೆದಕಿದರೆ ಹೆಣಿಗೆಯ ಸಂದಿಯಲ್ಲಿನ ರೊಟ್ಟಿಯ ಚೂರು ಕಂಡಿತು. ಸಮುದ್ರ ಎಲ್ಲಿಯೂ ಕಾಣಲಿಲ್ಲ.

“ಬಣ್ಣ ಅಂದ್ರ… ನೀರಿನ ಬಣ್ಣನ ಇತ್ತು.”

“ನೀರಿಗೆ ಎಂಥಾ ಬಣ್ಣೋ?”

ಅಷ್ಟರಲ್ಲಿ ಅಡುಗೆಮನೆಯ ಪರದೆಯ ಆಚೆಯಿಂದ ರೇಣುಕವ್ವನ ದನಿ ತೇಲಿಬಂತು. “ಸುಗರಾಬಿ, ಏನ ಹೇಳ್ಲಿ! ಹಸೀ ಬೂದಿ ಬಣ್ಣ, ಮಿಂಚ ಹೊಡದಾಗೊಮ್ಮೆ ಗಿಣಿ ಹಸರ! ನೊರಿ ಅಂದ್ರ ಆಗ ಕರದ ಹಾಲಿನಂಗ! ಅಷ್ಟೊತ್ತಿಗೆ ನಮ್ಮ ಮಾಳಗಿಗಿಂತ ಎತ್ತರದ ತೆರಿ ಒಂದು ಎದ್ದ ಬಂತು. ಇವ್ರು ತವಾ ಹೊತ್ತು ಕಣ್ಣ ಮುಚ್ಚಿ ನಿಂತಾರ! ಆ ತೆರಿ ಬಂದಿದ್ದ ಬಂದು ಇವರ್ನ…”

ಅಬ್ದುಲಸಮದರು ಸರಕ್ಕನೆ ಪರದೆಯ ಕಡೆ ತಿರುಗಿ ಕೂತರು. ಊರ ಹಿರಿಯರೆಲ್ಲ ಚುರುಮುರಿಯ ತಟ್ಟೆ ಸಮೇತ ಆ ಕಡೆಗೇ ಸರಿದರು. ಲೋಡಿನ ಹತ್ತಿರ ಶಿವಯೋಗೆಪ್ಪನವರು ಒಬ್ಬರೇ ಉಳಿದರು.

“ಕತಿ ಹೇಳಾಂವ ನಾನು! ಇತ್ತ ಕೇಳ್ರಿ!”

“ಶ್ಶ್! ಸುಮ್ಮ ಕುಂದ್ರೋ ದೋಸ್ತ,” ಎಂದರು ಅಬ್ದುಲಸಮದರು. “ಮುಂದ ಏನಾತು ಕೇಳೂಣು.”

ಶಿವಯೋಗೆಪ್ಪನವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಮ್ಮ ಮನೆ, ತಮ್ಮ ಜಮಖಾನೆ, ತಮ್ಮ ಚುರುಮುರಿ! ಧಡಕ್ಕನೆ ಎದ್ದು ನಿಂತರು. ಆಮೇಲೆ ಸದ್ದಾಗದಂತೆ ಬೆರಳ ತುದಿಯ ಮೇಲೆ ನಡೆದು ಹೋಗಿ, ಎಲ್ಲರಿಗಿಂತ ಮುಂದೆ, ಪರದೆಗೆ ಕಿವಿ ಹಚ್ಚಿ ಕೂತರು. ಆ ತೆರೆ ತಮ್ಮನ್ನು ಏನು ಮಾಡಿತೆಂಬುದು ಅವರಿಗೂ ಗೊತ್ತಿರಲಿಲ್ಲ.